ಲೆಕ್ಕಕ್ಕೆ ಸೇರದ ಮೂವತ್ತೈದು ಕಾಳು

ಮೂರು ದಿನದ ಹಿಂದೆ ಮದ್ದೂರಿನಲ್ಲಿ ನಮ್ಮ ಪಕ್ಕದ ಮನೆಯವರ ಸಂಪಿನ ಮೋಟಾರು ಸುಟ್ಟುಹೋಯಿತು. ಬೆಳಿಗ್ಗೆ ಹತ್ತರ ಹೊತ್ತು. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ತಾಮ್ರದ ತಂತಿಯ ಮೇಲಿನ ವಾರ್ನಿಷ್ ಬೆಂದು ಕರಕಲಾಗುವಾಗ ಬರುವ, ಗಂಟಲಿಗೆ ಅಂಟಿಕೊಳ್ಳುವ, ಒಂದಿಷ್ಟು ಸಿಹಿ ಬೆರೆತ ಕಮಟು. ಗೊತ್ತಿಲ್ಲದವರು ಪ್ಲಾಸ್ಟಿಕ್ ಸುಟ್ಟಿತು ಅನ್ನುತ್ತಾರೆ. ನನಗೆ ಗೊತ್ತಿತ್ತು. ಒಲೆ ಆರಿಸಿ ಸುಮ್ಮನೆ ನಿಂತುಬಿಟ್ಟೆ. ಮಳವಳ್ಳಿಯ ಆ ಮೋಟಾರು ರಿವೈಂಡಿಂಗ್ ಅಂಗಡಿ, ಅದರ ಬಾಗಿಲಲ್ಲೇ ಮಣೆ ಹಾಕಿಕೊಂಡು ಕೂತು ತಂತಿಯ ಸುರುಳಿ ಸುತ್ತುತ್ತಿದ್ದ ಯಜಮಾನರು...

ಅವರ ಹೆಸರು ನನಗೆ ಗೊತ್ತು. ಆದರೆ ಒಂದು ದಿನವೂ ಹೆಸರು ಹಿಡಿದು ಮಾತಾಡಿಸಿದವಳಲ್ಲ. ಸುತ್ತಿನ ಹಳ್ಳಿಯವರಿಗೆ, ನಮ್ಮ ಕಚೇರಿಯವರಿಗೆ, ಎಲ್ಲರಿಗೂ ಅವರು ಯಜಮಾನರು.

ಆಗ ನಾನು ಮಂಡ್ಯದಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದೆ. ಬಿತ್ತನೆ ಬೀಜದ ಅಂಗಡಿಯ ಮಹಡಿ ಮೇಲೆ ಎರಡು ಕೋಣೆ, ಐದು ಜನ. ಪಂಪ್‌ಸೆಟ್ಟಿಗೆ ಹಾಕುವ ಒಂದು ಡಬ್ಬ ಮಾಡುತ್ತಿದ್ದೆವು. ಒಳಗೊಂದು ಸಿಮ್ ಕಾರ್ಡು. ರೈತ ಮನೆಯಲ್ಲೇ ಕೂತು ಫೋನ್ ಮಾಡಿದರೆ ಗದ್ದೆಯ ಮೋಟಾರು ಓಡಬೇಕು, ಇನ್ನೊಮ್ಮೆ ಮಾಡಿದರೆ ನಿಲ್ಲಬೇಕು. ಅಷ್ಟು ಕೆಲಸ ಮಾಡುವ ಡಬ್ಬ ಸಿದ್ಧವಾಗಿತ್ತು. ಅದಕ್ಕೆ ಇನ್ನೇನು ಸೇರಿಸಬೇಕು, ಯಾವುದನ್ನು ಮೊದಲು ಸೇರಿಸಬೇಕು ಎಂಬುದೇ ದಿನಾ ಜಗಳ. ಗೋಡೆಯ ಬಿಳಿ ಹಲಗೆಯ ಮೇಲೆ ಹತ್ತೊಂಬತ್ತು ಅಂಶಗಳ ಪಟ್ಟಿ ಇತ್ತು. ಬೇಸಿಗೆಯೊಳಗೆ ಮುಗಿಸಲು ಆಗುತ್ತಿದ್ದುದು ಎರಡೇ ಎರಡು.

ನಮ್ಮ ಮುಖ್ಯಸ್ಥರು ಮದ್ದೂರಿನ ಕಡೆಯವರೇ, ಕಬ್ಬು ಬೆಳೆಯುವ ಮನೆಯಿಂದ ಬಂದವರು. ಜಗಳ ಕೇಳಿ ಕೇಳಿ ಸಾಕಾಗಿ ಒಂದು ದಿನ ಹೇಳಿದರು. "ನಾವು ಯಾಕೆ ಕಿತ್ತಾಡ್ಬೇಕು? ತಗೊಳ್ಳೋರನ್ನೇ ಕೇಳಿ ಬನ್ನಿ."

ಕೇಳುವ ಬಗೆಯನ್ನು ಹುಡುಕಿದವಳು ನಾನು. ಹತ್ತೊಂಬತ್ತರಲ್ಲಿ ಆರನ್ನು ಆರಿಸಿ, ಆರು ಚಿತ್ರ ಬರೆದೆ. ಕರೆಂಟು ಬಂದ ತಕ್ಷಣ ಮೋಟಾರು ತಾನಾಗಿ ಓಡುವುದು, ಇದನ್ನು ಹಳ್ಳಿಯಲ್ಲಿ ಬರೀ 'ಆಟೋ' ಅನ್ನುತ್ತಾರೆ. ಓಡುವ ಮುಂಚೆ ಹತ್ತು ಎಣಿಸುವಷ್ಟು ಹೊತ್ತು ಡಬ್ಬ ಸೈರನ್ನಿನ ಹಾಗೆ ಕೂಗುವುದು. ಬಾವಿ ಬತ್ತಿದರೆ ನಿಲ್ಲುವುದು. ತಂತಿ ಕದಿಯಲು ಬಂದವರನ್ನು ತಿಳಿಸುವುದು. ಕನ್ನಡದಲ್ಲಿ ಮಾತಾಡುವುದು. ಮೊಬೈಲಿನಲ್ಲಿ ನೀರಿನ ಲೆಕ್ಕ ತೋರಿಸುವುದು. ಒಬ್ಬೊಬ್ಬ ರೈತನ ಕೈಗೆ ಐದು ಅವರೆಕಾಳು ಕೊಡುವುದು, ಯಾವ ಚಿತ್ರ ಬೇಕೋ ಅದರ ಮೇಲೆ ಇಡು ಅನ್ನುವುದು. ಐದನ್ನೂ ಒಂದರ ಮೇಲೇ ಇಟ್ಟರೂ ಸರಿ. ಅಷ್ಟೆ. ನನ್ನ ಈ ಉಪಾಯದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಶಿವಪುರದ ಸುತ್ತ, ಮಂಡ್ಯದ ಸುತ್ತ ನಾನೇ ಹೋಗಿ ಬಂದೆ. ಮಳವಳ್ಳಿ ಸೀಮೆಗೆ ಯಜಮಾನರ ಸಹಾಯ ಬೇಕಾಯಿತು. ಅಲ್ಲಿ ಬೆಳಕವಾಡಿ ದಾರಿಯ ಹಳ್ಳಿಗಳಲ್ಲಿ ಅವರ ಕೈಗೆ ಬಾರದ ಮೋಟಾರು ಇರಲಿಲ್ಲ. ನಮ್ಮ ಪರೀಕ್ಷೆಯ ಡಬ್ಬಗಳನ್ನು ಅಲ್ಲಿ ಜೋಡಿಸುವ ಕೆಲಸವನ್ನೂ ಅವರಿಗೇ ಒಪ್ಪಿಸಿದ್ದೆವು.

ಹೊರಡುವ ಮುಂಚೆ ಮುಖ್ಯಸ್ಥರು ನನ್ನನ್ನು ಕರೆದು ಎಚ್ಚರಿಸಿದರು. "ಹುಷಾರು ಕಣಮ್ಮ. ಮೋಟಾರು ಸುಟ್ರೆ ಅವ್ರ ಒಲೆ ಉರಿಯೋದು. ನಮ್ಮ ಡಬ್ಬ ಮೋಟಾರು ಉಳ್ಸೋಕೆ ಹೊರಟಿರೋದು. ಅವ್ರು ಏನೇ ಹೇಳಿದ್ರೂ ಒಂದ್ಸಲ ತಿರುಗಿಸಿ ನೋಡು."

ಆ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಅಂದಿನಿಂದ ನಾನು ಅವರ ಪ್ರತಿ ಮಾತನ್ನೂ ತಿರುಗಿಸಿಯೇ ನೋಡಿದೆ.

ಅರವತ್ತು ದಾಟಿದ ಗಟ್ಟಿ ಆಳು. ಮೊಣಕೈಯವರೆಗೆ ಮಡಚಿದ ಖಾಕಿ ಅಂಗಿ, ಬೆರಳ ಸಂದಿಯಲ್ಲೆಲ್ಲ ವಾರ್ನಿಷ್ ಕಪ್ಪು. ಮಾತು ಕಡಿಮೆ, ಆಡಿದರೆ ಮೊಟಕು. ಮೊದಲ ಸಲ ಹೋದಾಗ ನನ್ನ ಕೈಯಲ್ಲಿದ್ದ ಪುಸ್ತಕವನ್ನೇ ನೋಡುತ್ತ ಕೇಳಿದ್ದರು. "ಎಲ್ಲಾ ಬರ್ಕೊತೀಯಲ್ಲವ್ವಾ, ಬರ್ದಿದ್ದ ಯಾರ್ಗೆ ತೋರುಸ್ತೀಯ?" ನಮ್ಮ ಸಾರ್‌ಗೆ ಅಂದೆ. "ಅವ್ರು ಯಾರ್ಗೆ ತೋರುಸ್ತಾರೆ?" ನಾನು ಪುಸ್ತಕ ಮುಚ್ಚಿದೆ. ಅವರು ಮತ್ತೆ ಸುರುಳಿ ಸುತ್ತತೊಡಗಿದರು. ನನ್ನ ಮೇಲೆ ಅವರಿಗೂ ನಂಬಿಕೆ ಇರಲಿಲ್ಲ ಎಂದು ಅಲ್ಲೇ ಗೊತ್ತಾಯಿತು.

ಆರು ಚಿತ್ರಗಳನ್ನು ತೋರಿಸಿದಾಗ ಅವರು ಎರಡನೆಯದರ ಮೇಲೆ, ಕೂಗುವ ಚಿತ್ರದ ಮೇಲೆ, ಬೆರಳು ಇಟ್ಟರು.

"ಮೊದ್ಲು ಇದು ಮಾಡಿ. ಇದಾಗೋಗಂಟ ಆಟೋ ಬ್ಯಾಡ."

"ಎಲ್ರೂ ಆಟೋನೇ ಕೇಳ್ತಾರೆ ಯಜಮಾನ್ರೇ. ಕರೆಂಟು ಯಾವಾಗ ಬರುತ್ತೆ ಅಂತ ಕಾಯೋದು ತಪ್ಪುತ್ತಲ್ಲ. ಕೂಗೋದು ಯಾಕೆ? ಗದ್ದೆ ಬಯಲಲ್ಲಿ ಪಂಪು ಕೂಗಿದ್ರೆ ಯಾರಿಗೆ ಕೇಳ್ಬೇಕು?"

ಅವರು ತಲೆ ಎತ್ತಿ ನನ್ನನ್ನು ನೋಡಿದರು. "ನಿಮ್ ಡಬ್ಬ ಪಂಪಿಗೇ ಇರ್ತದೆ ಅಂತ ಯಾರವ್ವ ಯೋಳ್ದೋರು?"

ಬಸ್ಸಿನಲ್ಲಿ ಮಂಡ್ಯಕ್ಕೆ ವಾಪಸು ಬರುವಾಗ ಆ ಮಾತನ್ನು ತಿರುಗಿಸಿ ನೋಡಿದೆ. ಡಬ್ಬವನ್ನು ಪಂಪಿನಿಂದ ಬಿಚ್ಚಿ ಬೇರೆಲ್ಲಿಗೋ ಸಾಗಿಸುವ ಯೋಚನೆ ಇರಬಹುದೇ? ಆಟೋ ಬೇಡ ಅನ್ನುವುದಕ್ಕೆ ಬೇರೆ ಯಾವ ಕಾರಣ ಇದ್ದೀತು? ಇನ್ನೊಂದು ಕಂಪನಿಯ ಡಬ್ಬದಲ್ಲಿ ಆಟೋ ಇದೆ, ನಮ್ಮದರಲ್ಲಿ ಇಲ್ಲದಿದ್ದರೆ ಯಾರಿಗೆ ಲಾಭ... ಹೀಗೇ. ಒಮ್ಮೆ ಅನುಮಾನ ಹುಟ್ಟಿದ ಮೇಲೆ ಅದಕ್ಕೆ ಮೇವು ಎಲ್ಲೆಲ್ಲೂ ಸಿಗುತ್ತದೆ.

ಇಪ್ಪತ್ತೆರಡು ಪಂಪ್‌ಸೆಟ್ ಮಾಲೀಕರ ಪಟ್ಟಿ, ಆರು ಚಿತ್ರ, ಎಣಿಸಿದ ನೂರಹತ್ತು ಕಾಳು, ಇಷ್ಟನ್ನೂ ಅವರಿಗೆ ಕೊಟ್ಟು ಬಂದಿದ್ದೆ. ನಾಲ್ಕು ದಿನ ಬಿಟ್ಟು ಹೋದಾಗ ಅಂಗಡಿಯ ಮೇಜಿನ ಮೇಲೆ ಒಂದು ಡಬ್ಬ ಬಿಚ್ಚಿಕೊಂಡು ಕೂತಿದ್ದರು. ನಮ್ಮದಲ್ಲ. ನಾವು ಯಾರಿಗೆ ಹೆದರುತ್ತಿದ್ದೆವೋ ಆ ಕಂಪನಿಯದು. ನನ್ನನ್ನು ಕಂಡದ್ದೇ ಅದರ ಮೇಲೆ ಒರೆಸುವ ಬಟ್ಟೆ ಎಳೆದರು. ನಾನು ನೋಡದವಳ ಹಾಗೆ ಕಾಳಿನ ಪೊಟ್ಟಣಗಳನ್ನು ತೆಗೆದುಕೊಂಡೆ. ಆರು ಪೊಟ್ಟಣ, ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಚಿತ್ರದ ಸಂಖ್ಯೆ. ಅಚ್ಚುಕಟ್ಟಾಗಿ ಮಡಚಿದ್ದರು.

ಕಚೇರಿಯಲ್ಲಿ ಪೊಟ್ಟಣ ಬಿಚ್ಚಿ ಎಣಿಸಿದೆ. ನೂರಹತ್ತು ಇರಬೇಕಿತ್ತು. ನೂರ ನಲವತ್ತೈದು ಇತ್ತು. ಮತ್ತೆ ಎಣಿಸಿದೆ. ಕೂಗುವ ಚಿತ್ರದ ಪೊಟ್ಟಣವೇ ಊದಿಕೊಂಡಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಾನು ಕೊಟ್ಟದ್ದು ಅಂಗಡಿಯ ಹಳೆಯ ಕಾಳು, ಕಂದಿದ ಬಣ್ಣ. ನಡುನಡುವೆ ಇದ್ದುದು ಆ ವರ್ಷದ ಹೊಸ ಕಾಳು, ದುಂಡಗೆ ಹೊಳೆಯುತ್ತಿತ್ತು. ಬೇರ್ಪಡಿಸಿದೆ. ಮೂವತ್ತೈದು ಹೊಸ ಕಾಳು. ಮೂವತ್ತೆರಡು ಕೂಗುವ ಚಿತ್ರಕ್ಕೆ, ಉಳಿದ ಮೂರು ತಂತಿ ಕಳ್ಳನ ಚಿತ್ರಕ್ಕೆ. ಆ ಮೂರನ್ನು ನಮ್ಮ ಕಣ್ಣು ಕಟ್ಟಲು ಹಾಕಿದ್ದಾರೆ ಎಂದುಕೊಂಡೆ. ಕಳ್ಳನೊಬ್ಬ ಸಿಕ್ಕಿಬಿದ್ದ ಖುಷಿ ನನಗೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎಲ್ಲರನ್ನೂ ಕರೆದು ಮೇಜಿನ ಮೇಲೆ ಎರಡು ಗುಡ್ಡೆ ಮಾಡಿ ತೋರಿಸಿದೆ. ಮುಚ್ಚಿಟ್ಟ ಡಬ್ಬದ ವಿಷಯವನ್ನೂ ಹೇಳಿದೆ. ಮುಖ್ಯಸ್ಥರು ಹೊಸ ಕಾಳಿನ ಗುಡ್ಡೆಯನ್ನು ಅಂಗೈಯಿಂದ ಸರಿಸಿ ಕಸದ ಬುಟ್ಟಿಗೆ ಹಾಕಿದರು. "ಕೇಳೋಕೆ ಹೋಗ್ಬೇಡ. ಕೇಳಿದ್ರೆ ಇನ್ನೊಂದು ಕತೆ ಕಟ್ತಾರೆ. ಸುಮ್ನೆ ಬೇರೆಯವ್ರನ್ನ ನೋಡೋಣ" ಅಂದರು. ಹಲಗೆಯ ಮೇಲೆ ಆಟೋ ಮೊದಲನೆಯದಾಯಿತು, ಬಾವಿ ಬತ್ತಿದರೆ ನಿಲ್ಲುವುದು ಎರಡನೆಯದು. ಡಬ್ಬ ಜೋಡಿಸಲು ಮಂಡ್ಯದಿಂದಲೇ ಬೇರೊಬ್ಬ ಎಲೆಕ್ಟ್ರಿಷಿಯನ್ನನ್ನು ಕಳಿಸಿದೆವು.

ಯಜಮಾನರು ಆ ವಾರ ನನಗೆ ಎರಡು ಸಲ ಫೋನ್ ಮಾಡಿದರು. ಎರಡು ಸಲವೂ ನಾನು ಎತ್ತಲಿಲ್ಲ. ಫೋನು ಮೇಜಿನ ಮೇಲೆ ಗುರುಗುಟ್ಟುತ್ತ ಸರಿದು ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. ಮೂರನೆಯ ಸಲ ಅವರು ಮಾಡಲಿಲ್ಲ.

ಆಟೋ ಇರುವ ಡಬ್ಬ ಚೆನ್ನಾಗಿ ಹೋಯಿತು. ರೈತರು ಮೆಚ್ಚಿ ಫೋನ್ ಮಾಡುತ್ತಿದ್ದರು. ನಮ್ಮ ನಿರ್ಧಾರ ಸರಿ ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ಬೆಳಕವಾಡಿ ದಾರಿಯ ಹಳ್ಳಿಯೊಂದರಿಂದ ಕರೆ ಬಂತು. ಅಲ್ಲಿನ ರೈತರೊಬ್ಬರು ನಮ್ಮ ಡಬ್ಬದಿಂದಲೇ ಇನ್ನೊಂದು ತಂತಿ ಎಳೆದು ಕೊಟ್ಟಿಗೆಯ ಮೇವು ಕತ್ತರಿಸುವ ಯಂತ್ರಕ್ಕೂ ಕೊಟ್ಟುಕೊಂಡಿದ್ದರು. ಅವರ ಮನೆಗೆ ಕೂಲಿಗೆ ಬರುತ್ತಿದ್ದ ಜಯಮ್ಮ ಎಂಬಾಕೆ ಯಂತ್ರಕ್ಕೆ ಹುಲ್ಲು ಕೊಡುತ್ತಿದ್ದಾಗ ಕರೆಂಟು ಹೋಗಿದೆ. ಯಂತ್ರ ನಿಂತಿದೆ. ಸಿಕ್ಕಿಕೊಂಡ ಹುಲ್ಲನ್ನು ಎಳೆಯಲು ಜಯಮ್ಮ ಕೈ ಹಾಕಿದ್ದಾಳೆ. ಆ ಕ್ಷಣಕ್ಕೆ ಕರೆಂಟು ಬಂದಿದೆ. ನಮ್ಮ ಡಬ್ಬ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ.

ಬಲಗೈಯ ಎರಡು ಬೆರಳು ಹೋದವು.

"ಪಂಪಿಗೆ ಮಾತ್ರ ಬಳಸಬೇಕು ಅಂತ ಕೈಪಿಡಿಯಲ್ಲಿ ಬರ್ದಿದೀವಲ್ಲ" ಎಂದು ಮುಖ್ಯಸ್ಥರು ಎರಡು ಮೂರು ಸಲ ಹೇಳಿದರು. ಯಾರಿಗೆ ಹೇಳುತ್ತಿದ್ದರೋ. ಅವರ ಮುಖ ಬಿಳಿಚಿಕೊಂಡಿತ್ತು. ಆಕೆಯನ್ನು ಹೋಗಿ ನೋಡಿ ಬರಲು ನನ್ನನ್ನು ಕಳಿಸಿದರು.

ನಾನು ಹೋಗುವ ಹೊತ್ತಿಗೆ ಜಯಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಜಗುಲಿಯ ಮೇಲೆ ಕೈಗೆ ದಪ್ಪನೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ನಾನು ಯಾರೆಂದು ಹೇಳಿದೆ. ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ.

"ನೀನಾ ಅವ್ವ ಚಿತ್ರ ಬರ್ದೋಳು? ಆ ಕೂಗೋ ಚಿತ್ರ?"

ನನಗೆ ಅರ್ಥವಾಗಲಿಲ್ಲ.

"ನಾನು ಐದುಕ್ಕೈದೂ ಅದ್ಕೇ ಆಕಿದ್ದೆ ಕಣವ್ವ. ಯಜಮಾನ್ರು ಬಂದು ನಮ್ಮುನ್ನೆಲ್ಲ ಕೂರ್ಸ್ಕಂಡು ಕೇಳುದ್ರಲ್ಲ. ಉಲ್ಲು ಕೊಡೋ ಎಣ್ಣೈಕ್ಳು ಏಳ್ ಜನ ಇದ್ದೋ. ಅವ್ರ್ ತಂದಿದ್ದ ಕಾಳು ಗಂಡಸ್ರಿಗೇ ಸರಿಯೋಯ್ತು. ನಮ್ ಮನೇವೇ ಅವರೆಕಾಳು ತಂದು ಕೊಟ್ಟೆ, ಎಲ್ಲಾರ್ಗೂ ಐದೈದು."

ಐದರಂತೆ ಏಳು ಜನ. ಮೂವತ್ತೈದು. ಮೋಸ ಮಾಡುವವನು ಅಷ್ಟು ಕರಾರುವಾಕ್ಕಾಗಿ ಮಾಡುತ್ತಾನೆಯೇ? ಮಗ್ಗಿ ಕಲಿಯುವ ಮಗುವಿಗೂ ಹೊಳೆಯಬೇಕಾದದ್ದು ನನಗೆ ಹೊಳೆದಿರಲಿಲ್ಲ.

"ಸರೋಜಿ ಒಬ್ಳೇ ಮೂರು ಕಾಳ ಕಳ್ಳುನ್ ಚಿತ್ರುಕ್ಕೆ ಆಕುದ್ಲು. ಅವ್ರಟ್ಟೀಲಿ ತಂತಿ ಕದ್ದಿದ್ರು ಅದ್ಕೆ" ಎಂದಳು ಜಯಮ್ಮ. ನೋವಿನಲ್ಲೂ ಸಣ್ಣಗೆ ನಕ್ಕಳು. "ಕೂಗುದ್ರೆ ಕೈ ಎಳ್ಕಬೋದಿತ್ತು... ಯಾಕವ್ವ, ನಮ್ ಕಾಳು ನಿಮ್ಗೆ ಬರ್ನಿಲ್ವಾ?"

ಬಂದಿತ್ತು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ತಲೆ ತಗ್ಗಿಸಿದೆ. ತಲೆ ತಗ್ಗಿಸಿದ್ದನ್ನು ಅವಳು ಹೇಗೆ ತಿಳಿದುಕೊಂಡಳೋ ಗೊತ್ತಿಲ್ಲ.

ಅಲ್ಲಿಂದ ನೇರ ಮಳವಳ್ಳಿಗೆ ಬಂದೆ. ಯಜಮಾನರು ಒಂದು ಮೋಟಾರಿನ ಸುಟ್ಟ ತಂತಿ ಕೀಳುತ್ತಿದ್ದರು. ನನ್ನನ್ನು ನೋಡಿದರು, ಕೈ ನಿಲ್ಲಿಸಲಿಲ್ಲ. ನಾನು ಬಾಗಿಲಲ್ಲೇ ನಿಂತೆ.

"ಜಯಮ್ಮನ್ನ ನೋಡಿ ಬಂದೆ."

"ಊಂ."

"ಆ ಕಾಳು ಹೆಂಗಸರದ್ದು ಅಂತ ನೀವು ಒಂದು ಮಾತು ಹೇಳಿದ್ರೆ..."

ಆಗ ಕೈ ನಿಲ್ಲಿಸಿದರು. "ಯೋಳಿದ್ರೆ ಎಣುಸ್ತಿದ್ರಾ? ನಿನ್ ಪಟ್ಟೀಲಿ ಏನಂತ ಬರ್ದಿತ್ತು? ಪಂಪ್‌ಸೆಟ್ ಮಾಲೀಕ್ರು ಅಂತ. ಪಂಪು ಗಂಡುಸ್ರ ಎಸುರಲ್ಲಿ ಅದೆ ಕಣವ್ವ. ಮಿಷನ್ನಿಗೆ ಕೈ ಕೊಡೋರು ಅವ್ರು. ನಿನ್ ಕಾಗ್ದದಲ್ಲಿ ಅವ್ರಿಗೆ ಜಾಗಾನೇ ಇರ್ನಿಲ್ಲ. ಅದ್ಕೆ ಬೆರ್ಸಿ ಕೊಟ್ಟೆ." ಮತ್ತೆ ತಂತಿಗೆ ಕೈ ಹಾಕುತ್ತ ಅಂದರು. "ಆಮೇಲೆ ಯೋಳನಾ ಅಂತ ಫೋನ್ ಮಾಡ್ದೆ. ಎರಡ್ ಸಲ."

ನಾನು ಕ್ಷಮೆ ಕೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ. ಅನುಮಾನದ ಕೊನೆಯ ಎಳೆ ಇನ್ನೂ ನನ್ನ ಕೈಯಲ್ಲಿತ್ತು, ಅದನ್ನು ಬಿಡಲು ಮನಸ್ಸಿರಲಿಲ್ಲ. "ಅವತ್ತು ಬಟ್ಟೆ ಮುಚ್ಚಿದ್ರಲ್ಲ, ಆ ಡಬ್ಬ?" ಎಂದು ಕೇಳಿದೆ.

"ಊಂ. ಅವ್ರುದ್ನೂ ಜೋಡುಸ್ತಿದ್ದೆ. ನಿಮ್ಗೆ ಗೊತ್ತಾದ್ರೆ ಕೆಲ್ಸ ಬುಡುಸ್ತೀರಿ ಅಂತ ಮುಚ್ಚುದ್ದೇ ನಿಜ." ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. "ಅವ್ರಿಗೂ ಇದ್ನೇ ಯೋಳ್ದೆ, ಮೊದ್ಲು ಕೂಗೋ ಅಂಗೆ ಮಾಡ್ರಪ್ಪ ಅಂತ. ಅವ್ರೂ ಕೇಳ್ನಿಲ್ಲ, ನೀವೂ ಕೇಳ್ನಿಲ್ಲ."

ನನ್ನ ಅನುಮಾನದಲ್ಲಿ ಅರ್ಧ ನಿಜವೂ ಇತ್ತು. ಇದರಿಂದ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಎದುರಿನ ಹೋಟೆಲಿನಿಂದ ಟೀ ತರಿಸಿಕೊಟ್ಟರು. ಕುಡಿದೆ. ಬರುತ್ತೇನೆ ಅಂದೆ. ಅವರು ತಲೆಯಾಡಿಸಿದರು. ಅಷ್ಟೇ... ಕ್ಷಮೆ ಎಂಬ ಮಾತು ಆ ದಿನವೂ ನನ್ನ ಬಾಯಿಂದ ಹೊರಡಲಿಲ್ಲ.

ಮರುದಿನ ಕಚೇರಿಯಲ್ಲಿ ಹಲಗೆಯ ಮೇಲಿದ್ದುದನ್ನೆಲ್ಲ ಒರೆಸಿ, ಕೂಗುವುದು ಮೊದಲು ಎಂದು ಬರೆದೆ. ಮುಖ್ಯಸ್ಥರು ಹಳೆಯ ಲೆಕ್ಕದ ಹಾಳೆ ತೆಗೆದರು. ಮೂರೂ ಕಡೆಯ ಕಾಳು ಕೂಡಿಸಿದರು, ಮೂವತ್ತೈದನ್ನೂ ಸೇರಿಸಿದರು. ಆಮೇಲೆ ಮೆಲ್ಲಗೆ ಹೇಳಿದರು. "ನೋಡು, ಅವ್ರದ್ದು ಎಣಿಸಿದ್ರೂ ಆಟೋನೇ ಗೆಲ್ತಿತ್ತು."

ನಿಜ. ಆಟೋಗೆ ಬಿದ್ದ ಕಾಳು ಅಷ್ಟಿತ್ತು. ಆಮೇಲೆ ಎಷ್ಟೋ ದಿನ ನಾನೂ ಆ ಲೆಕ್ಕದ ಹಿಂದೆ ಅಡಗಿಕೊಂಡು ಸಮಾಧಾನ ಹುಡುಕಿದ್ದುಂಟು. ಆದರೆ ಆ ಹೊತ್ತಿಗೆ ಸಿಟ್ಟು ಬಂತು.

"ಕಾಯೋದು ತಪ್ಲಿ ಅಂತ ಹಾಕಿದ ಕಾಳು ಸಾರ್ ಅದು. ಇದು ಬೆರಳು ಉಳೀಲಿ ಅಂತ ಹಾಕಿದ್ದು. ಎರಡನ್ನೂ ಒಂದೇ ಥರ ಎಣಿಸೋದಾದ್ರೆ ನನ್ನನ್ನ ಯಾಕೆ ಕಳಿಸಿದ್ರಿ?"

ಅವರು ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡರು. ಬಂದು ಹಲಗೆಯ ಮುಂದೆ ನಿಂತು, ನಾನು ಬರೆದದ್ದರ ಕೆಳಗೆ ಗೆರೆ ಎಳೆದರು. ಹೊಲದಲ್ಲಿದ್ದ ಡಬ್ಬಗಳ ಆಟೋ ನಿಲ್ಲಿಸಿ, ಒಂದೊಂದನ್ನಾಗಿ ವಾಪಸು ತಂದು, ಕೂಗುವ ಭಾಗ ಸೇರಿಸಿ ಮತ್ತೆ ಜೋಡಿಸಲು ನಾಲ್ಕು ತಿಂಗಳು ಹಿಡಿಯಿತು. ಬೈಸಿಕೊಂಡೆವು. ಕೆಲವರು ಡಬ್ಬವೇ ಬೇಡ ಎಂದು ಬಿಸಾಡಿ ಹೋದರು. ಮಳವಳ್ಳಿ ಸೀಮೆಯ ಕೆಲಸಕ್ಕೆ ಯಜಮಾನರನ್ನೇ ಮತ್ತೆ ಕರೆದೆವು. ಕರೆಯಲು ಮುಖ್ಯಸ್ಥರೇ ಹೋದರು. ಏನು ಮಾತಾಯಿತೋ ತಿಳಿಯದು. ಯಜಮಾನರು ಒಪ್ಪಿದರು. ಮೊದಲು ಜೋಡಿಸಿದ್ದು ಜಯಮ್ಮ ಕೆಲಸ ಮಾಡುತ್ತಿದ್ದ ಆ ಕೊಟ್ಟಿಗೆಯಲ್ಲಿ.

ಅದಾದ ಮೇಲೆ ಅವರನ್ನು ನಾನು ನೋಡಿದ್ದು ಮೂರೋ ನಾಲ್ಕೋ ಸಲ. ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಕ್ಷಮೆ ಕೇಳಲು ಒಂದು ದಿನ ಬಿಡುವು ಮಾಡಿಕೊಂಡು ಹೋಗಬೇಕು ಅಂದುಕೊಳ್ಳುತ್ತಲೇ ಇದ್ದೆ. ಮದುವೆಯಾಯಿತು, ಮದ್ದೂರಿಗೆ ಬಂದೆ, ಕಂಪನಿ ಬಿಟ್ಟೆ. ಅವರು ಹೋದ ಸುದ್ದಿ ನನಗೆ ತಲುಪಿದ್ದು ಒಂದು ತಿಂಗಳ ಮೇಲೆ. ಮಧ್ಯಾಹ್ನ ಅಂಗಡಿಯಲ್ಲೇ ಎದೆನೋವು ಬಂದಿತ್ತಂತೆ. ಹಾಗೇ ಗೋಡೆಗೆ ಒರಗಿದ್ದರಂತೆ.

ಆಗಲೂ ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಈ ಮಾತನ್ನೂ ನಾನು ಪೂರ್ತಿ ನಂಬುವುದಿಲ್ಲ.

ಪಕ್ಕದ ಮನೆಯ ಮೋಟಾರು ಸುಟ್ಟ ಮಾರನೆಯ ದಿನ, ಮೊನ್ನೆ, ಕಡೆಗೂ ಬಸ್ಸು ಹತ್ತಿದೆ. ಮಳವಳ್ಳಿಯಲ್ಲಿ ಅಂಗಡಿ ಇದ್ದ ಜಾಗದಲ್ಲಿ ಈಗ ಕೋಳಿ ಆಹಾರದ ಮೂಟೆಗಳು. ಕೇಳಿಕೊಂಡು ಮನೆ ಹುಡುಕಿದೆ. ಅವರ ಹೆಂಡತಿ ಬಾಗಿಲಲ್ಲಿ ರಾಗಿ ಕೇರುತ್ತಿದ್ದರು. ನಾನು ಮಂಡ್ಯದ ಡಬ್ಬದ ಕಂಪನಿಯಲ್ಲಿದ್ದವಳು ಅಂದೆ. ಮೊರ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಓ, ಆ ಉಡುಗೀನಾ ನೀನು? ನಿನ್ ಇಚಾರ ಆಡ್ತಿದ್ರು. ಎಣ್ಸೋದ್ರಲ್ಲಿ ಬಲು ಗಟ್ಟಿ ಕಣೇ ಆ ಉಡುಗಿ, ಅನ್ನೋರು."

"ಹೇಗೆ ಹೇಳೋರು ಅಮ್ಮಾ? ನಗ್ತಾ ಹೇಳೋರಾ, ಕೋಪದಲ್ಲಾ?"

ಅವರು ಯೋಚಿಸಿದರು. "ಅವ್ರ್ ಮಕ ಯಾವಾಗ್ಲೂ ಒಂದೇ ಥರ ಇರ್ತಿತ್ತಲ್ಲವ್ವ" ಎಂದರು.

ಮಜ್ಜಿಗೆ ಕೊಟ್ಟರು, ಕುಡಿದೆ. ಗೋಡೆಯ ಮೇಲೆ ಯಜಮಾನರ ಫೋಟೋ ಇತ್ತು, ಯಾವುದೋ ಮದುವೆಯಲ್ಲಿ ತೆಗೆಸಿದ್ದು. ನಗುತ್ತಿದ್ದರೋ ಇಲ್ಲವೋ ಗೊತ್ತಾಗಲಿಲ್ಲ. ಅವರಿಗೆ ಹೇಳಬೇಕಾಗಿದ್ದ ಕ್ಷಮೆಯ ಮಾತನ್ನು ಅವರ ಹೆಂಡತಿಗೆ ಹೇಳಿದೆ. "ನೀನ್ ಯಾಕವ್ವ ನನ್ ತಾವ ಕೇಳ್ತಿದ್ದೀ?" ಎಂದರು ಅವರು. ಬೇಸರದಿಂದಲ್ಲ, ನಿಜಕ್ಕೂ ತಿಳಿಯದೆ.

ಬಲು ಗಟ್ಟಿ ಅಂದದ್ದು ಮೆಚ್ಚುಗೆಯೋ, ಕುಟುಕೋ... ಎರಡು ದಿನದಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಕೇಳಿಬಿಡೋಣ ಅಂದರೆ ಕೇಳಬೇಕಾದವರು ಇಲ್ಲ.